ಕಲ್ಲೂರು ರಸ್ತೆಯಲ್ಲಿ ನನ್ನ ಎಡ ಮೊಣಕಾಲು

ಆ ವರ್ಷ ನಾನು ಮಾನ್ವಿಯಲ್ಲಿ ಮೊದಲ ಪಿಯುಸಿ ಓದುತ್ತಿದ್ದೆ. ಹದಿನಾರು ತುಂಬಿತ್ತು. ಜಿಲ್ಲಾ ಮಟ್ಟದ ಗುಡ್ಡಗಾಡು ಓಟಕ್ಕೆ ನಮ್ಮ ಕಾಲೇಜಿನಿಂದ ಇಬ್ಬರು ಹುಡುಗಿಯರು ಆಯ್ಕೆಯಾಗಿದ್ದೆವು, ನಾನು ಮತ್ತು ನನ್ನ ಗೆಳತಿ. ಓಟ ಐದು ವಾರ ಬಿಟ್ಟು ರಾಯಚೂರಿನಲ್ಲಿ. ಅಲ್ಲಿಯವರೆಗೆ ಮೈದಾನದಲ್ಲಷ್ಟೇ ಓಡುತ್ತಿದ್ದ ನಮಗೆ ಪಿ.ಟಿ. ಸರ್ ಬೆಳಿಗ್ಗೆ ಕಲ್ಲೂರು ರಸ್ತೆಗೆ ಇಳಿಯಲು ಹೇಳಿದರು. ಮೂರು ಕಿಲೋಮೀಟರ್ ಓಡುತ್ತಿದ್ದವಳು ಒಂದೇ ವಾರದಲ್ಲಿ ಎಂಟಕ್ಕೆ ಏರಿಸಿದೆ. ಸರ್ ಅಷ್ಟು ಹೇಳಿರಲಿಲ್ಲ. ಗೆಳತಿಯನ್ನು ಹಿಂದೆ ಹಾಕಬೇಕೆಂಬ ಆಸೆ ನನ್ನದು.

ಎರಡನೇ ವಾರ ಎಡ ಮೊಣಕಾಲಿನ ಹೊರಬದಿ ಚುಚ್ಚತೊಡಗಿತು. ಮೊದಲು ಆರನೇ ಕಿಲೋಮೀಟರಿಗೆ ಶುರುವಾಗುತ್ತಿದ್ದ ನೋವು ಆಮೇಲೆ ನಾಲ್ಕಕ್ಕೆ, ಆಮೇಲೆ ಎರಡಕ್ಕೇ ಬಂತು. ಹೇಳಿದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆಂಬ ಭಯ. ಅವ್ವನಿಗೆಂದು ಸುಳ್ಳು ಹೇಳಿ ಔಷಧದ ಅಂಗಡಿಯಿಂದ ನೋವಿನ ಗುಳಿಗೆ ತಂದೆ. ಅವ್ವ ಭತ್ತದ ನಾಟಿಗೆ ಕೂಲಿ ಹೋಗುವವಳು. ಅವಳ ಮೊಣಕಾಲು ಊದುವುದು ಓಣಿಗೆಲ್ಲ ಗೊತ್ತಿತ್ತು, ಅಂಗಡಿಯವನು ಏನೂ ಕೇಳಲಿಲ್ಲ. ಕಾಲೇಜಿನ ಮೆಟ್ಟಿಲನ್ನು ಎಲ್ಲರೂ ಇಳಿದು ಹೋದ ಮೇಲೆ ಗೋಡೆ ಹಿಡಿದು ಒಂದೊಂದೇ ಇಳಿಯುತ್ತಿದ್ದೆ.

ಭತ್ತದ ಕೊಯ್ಲಿನ ದಿನಗಳವು. ಬೆಳಗಾಗುವ ಮೊದಲೇ ಮಿಲ್ಲಿನ ಕಡೆಗೆ ಚೀಲ ಹೇರಿದ ಟ್ರ್ಯಾಕ್ಟರುಗಳು ಸಾಲು ಹಿಡಿಯುತ್ತಿದ್ದವು. ನಾವು ರಸ್ತೆಯ ಎಡಕ್ಕೆ, ಹಿಂದಿನಿಂದ ಬರುವ ಗಾಡಿಗಳಿಗೆ ಬೆನ್ನು ಕೊಟ್ಟು, ಡಾಂಬರಿನ ಅಂಚಿನಲ್ಲೇ ಓಡುತ್ತಿದ್ದೆವು. ಒಂದು ದಿನ ಮಂಜು ಬಿದ್ದಿತ್ತು. ನಾನು ಕಪ್ಪು ಜರ್ಕಿನ್ ಹಾಕಿದ್ದೆ. ಹಿಂದೆ ಟ್ರ್ಯಾಕ್ಟರಿನ ಸದ್ದು ಹತ್ತಿರವಾಯಿತು, ಎದುರಿಗೆ ಬಸ್ಸಿನ ಬೆಳಕು ಕಂಡಿತು. ಬಸ್ಸಿಗೆ ದಾರಿ ಬಿಡಲು ಟ್ರ್ಯಾಕ್ಟರ್ ನಮ್ಮತ್ತ ಸರಿಯಿತು. ಗೆಳತಿ ಪಕ್ಕದ ಮಣ್ಣಿಗೆ ಹಾರಿದಳು. ನಾನೂ ಹಾರಲೆಂದು ಎಡಗಾಲು ಊರಿದೆ. ಮೊಣಕಾಲು ಹಿಡಿದುಕೊಂಡಿತು. ಅಲ್ಲೇ ನಿಂತುಬಿಟ್ಟೆ.

ಗೆಳತಿ ನನ್ನ ತೋಳು ಹಿಡಿದು ಎಳೆದಳು. ಇಬ್ಬರೂ ಜಾಲಿಗಿಡದ ಬುಡಕ್ಕೆ ಉರುಳಿದೆವು. ಟ್ರೇಲರಿನಿಂದ ಹೊರಚಾಚಿದ ಚೀಲವೊಂದು ನನ್ನ ಭುಜ ಸವರಿಕೊಂಡು ಹೋಯಿತು. ಗಾಡಿ ನಿಲ್ಲಲಿಲ್ಲ, ನಾವಿದ್ದದ್ದು ಡ್ರೈವರನಿಗೆ ಕಂಡಿತ್ತೋ ಇಲ್ಲವೋ. ಗೆಳತಿಯ ಅಂಗೈ ತರಚಿ ರಕ್ತ ಬರುತ್ತಿತ್ತು. ಅವಳು ಅದನ್ನು ನೋಡಿಕೊಳ್ಳದೆ ನನ್ನ ಕಾಲನ್ನೇ ನೋಡುತ್ತಿದ್ದಳು.

"ಎಷ್ಟ ದಿನದಿಂದ ಹಿಂಗದ?" ಎಂದಳು.

ಏನಿಲ್ಲವೆಂದೆ.

"ನಿಮ್ಮವ್ವಗ ನೀ ಹೇಳ್ತೀಯೋ, ನಾ ಹೇಳ್ಲೋ?"

ಆ ಸಂಜೆ ಅವ್ವನ ಮುಂದೆ ಗುಳಿಗೆಯ ಪಟ್ಟಿ ಸಮೇತ ಎಲ್ಲವನ್ನೂ ಇಟ್ಟೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಪಟ್ಟಿಯಲ್ಲಿ ಖಾಲಿಯಾದ ಗುಂಡಿಗಳನ್ನು ಬೆರಳಿನಿಂದ ಸವರಿದಳು. ಆಮೇಲೆ ದೇವದುರ್ಗದಲ್ಲಿ ನರ್ಸ್ ಆಗಿರುವ ತನ್ನ ತಂಗಿಗೆ, ನನ್ನ ಚಿಗವ್ವನಿಗೆ, ಫೋನ್ ಮಾಡಿದಳು.

ಚಿಗವ್ವ ಎರಡೇ ದಿನದಲ್ಲಿ ನನ್ನನ್ನು ರಾಯಚೂರಿನ ಎಲುಬಿನ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ನನ್ನನ್ನು ಗಿಡ್ಡ ಸ್ಟೂಲಿನ ಮೇಲೆ ಹತ್ತಿಸಿ ಒಂದೇ ಕಾಲ ಮೇಲೆ ನಿಧಾನಕ್ಕೆ ಬಗ್ಗಿಸಿದರು. ಮೊಣಕಾಲು ಒಳಗಡೆಗೆ ವಾಲಿತು. ಸೊಂಟದ, ತೊಡೆಯ ಸ್ನಾಯುಗಳಿಗೆ ಬಲವಿಲ್ಲ, ಓಟವನ್ನು ಒಮ್ಮೆಲೇ ಏರಿಸಿದ್ದೀಯ, ರಸ್ತೆಯ ಇಳಿಜಾರಾದ ಅಂಚಿನಲ್ಲಿ ಯಾವಾಗಲೂ ಒಂದೇ ಬದಿಗೆ ಓಡಿದ್ದೀಯ ಎಂದರು. ಗುಳಿಗೆ ನುಂಗಿ ಓಡಿದ್ದಕ್ಕೆ ಮಾತ್ರ ಸಿಟ್ಟಾದರು. ಆರು ವಾರ ಓಟ ಬಂದ್. ಬಸ್ಸಿನಲ್ಲಿ ಮಾನ್ವಿಯವರೆಗೂ ಅಳುತ್ತಲೇ ಬಂದೆ.

ಪಿ.ಟಿ. ಸರ್ ಒಪ್ಪಲಿಲ್ಲ. ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಓಡಲಿ, ಒಂದು ದಿನದ ಮಾತಲ್ಲವೇ ಎಂದರು. ಅದನ್ನು ಕೇಳಿ ನನ್ನೊಳಗೆ ಆಸೆ ಚಿಗುರಿತು; ಅವ್ವನನ್ನು ಹೇಗೆ ಒಪ್ಪಿಸುವುದೆಂದು ಯೋಚಿಸತೊಡಗಿದೆ. ಸರ್ ಮಾತು ಕಿವಿಗೆ ಬಿದ್ದು ಮರುದಿನ ಅವ್ವ ಕೂಲಿ ಬಿಟ್ಟು ಕಾಲೇಜಿಗೆ ಬಂದಳು. ಅದಕ್ಕೂ ಮೊದಲು ಅವಳು ಆ ಗೇಟಿನೊಳಗೆ ಕಾಲಿಟ್ಟಿರಲಿಲ್ಲ. ಸರ್ ಕುರ್ಚಿ ತೋರಿಸಿದರೂ ಕೂಡಲಿಲ್ಲ.

"ಸರ್, ಸಣ್ಣಾಕಿ ಇದ್ದಾಗಿಂದ ಕೆಸರಾಗ ನಿಂತು ನಾಟಿ ಹಚ್ಚೀನಿರಿ," ಎಂದಳು. "ಈಗ ಕೆಳಗ ಕುಂತ್ರ ಗ್ವಾಡಿ ಹಿಡ್ಕೊಂಡು ಏಳಬೇಕು. ಮೊಣಕಾಲು ನೂಸ್ತದ ಅಂತ ಕೂಲಿ ಬಿಟ್ಟು ಕುಂದ್ರೂದು ನನಗ ಆಗ್ಲಿಲ್ಲರಿ. ಇಕಿಗೆ ಆಗ್ತದ. ಇಕಿ ಓಡಂಗಿಲ್ಲ."

ಸರ್ ಮೇಜಿನ ಮೇಲಿನ ರಿಜಿಸ್ಟರ್ ತೆರೆದು ಓಟದ ಪಟ್ಟಿ ಹುಡುಕಿದರು. ಆಮೇಲೆ ನನ್ನ ಹೆಸರಿನ ಮೇಲೆ ಗೆರೆ ಎಳೆದರು. ನನಗೆ ಅವರಿಬ್ಬರ ಮೇಲೂ ಸಿಟ್ಟಿತ್ತು.

ಓಟದ ದಿನ ನಾನು ಗೆಳತಿಯ ಬ್ಯಾಗು ಹಿಡಿದು ನಿಂತಿದ್ದೆ. ಅವಳು ಏಳನೆಯವಳಾಗಿ ಬಂದಳು. ಹೊಟ್ಟೆಕಿಚ್ಚು ಎಷ್ಟಿತ್ತೆಂದರೆ ನೀರಿನ ಬಾಟಲಿ ಕೊಡುವುದನ್ನೂ ಮರೆತೆ. ಅವಳೇ ನನ್ನ ಕೈಯಿಂದ ತೆಗೆದುಕೊಂಡಳು.

ಆರು ವಾರ ಮನೆಯಲ್ಲಿ ಡಾಕ್ಟರು ಹೇಳಿದ ವ್ಯಾಯಾಮ ಮಾಡಿದೆ. ಮತ್ತೆ ಶುರು ಮಾಡಿದಾಗ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ನಾಚಿಕೆಯಾಗುತ್ತಿತ್ತು. ಕಾಲುವೆ ದಂಡೆಯ ಸಮತಟ್ಟಾದ ಮಣ್ಣಿನ ದಾರಿಯೇ ಹೆಚ್ಚು. ರಸ್ತೆಗೆ ಬಂದರೆ ಬೆಳಕು ಹರಿದ ಮೇಲೆ, ಬಲಬದಿಗೆ, ಎದುರಿನ ಗಾಡಿ ಕಾಣುವ ಹಾಗೆ, ಹಳದಿ ಅಂಗಿ ತೊಟ್ಟು. ಸ್ವಲ್ಪ ಚುಚ್ಚಿದರೂ ನಿಂತು ನಡೆದೇ ಮನೆಗೆ ಬರುತ್ತಿದ್ದೆ.

ಮುಂದಿನ ವರ್ಷ ರಾಯಚೂರಿನಲ್ಲಿ ನಾನೂ ಓಡಿದೆ. ಹನ್ನೊಂದನೆಯವಳಾಗಿ ಗುರಿ ಮುಟ್ಟಿದೆ. ಕೊನೆಯ ಕಿಲೋಮೀಟರಿನಲ್ಲಿ ಇಬ್ಬರು ನನ್ನನ್ನು ದಾಟಿ ಹೋದರು. ಅವರ ಬೆನ್ನು ಹತ್ತುವ ಆಸೆಯನ್ನು ಹಲ್ಲು ಕಚ್ಚಿ ತಡೆದುಕೊಂಡೆ. ಅಂದು ಸಂಜೆ ಊರಿಗೆ ಬಂದು ಬಸ್ಸಿನ ಮೆಟ್ಟಿಲನ್ನು ಏನೂ ಹಿಡಿಯದೆ ಇಳಿದೆ.