ಎಲ್ಲಿಂದ ಹತ್ತಿದ್ದು ಈ ಸುದ್ದಿ?

ಮಳೆಗಾಲ ಮುಗಿದ ಮೇಲೆ ಕಪಾಟು ಶುಚಿ ಮಾಡುವಾಗ ಆ ಚರ್ಮದ ಚೀಲ ಕೈಗೆ ಬಂತು. ಮೇಲೆಲ್ಲ ಬೂಷ್ಟು ಹಿಡಿದು ಬೆಳ್ಳಗಾಗಿತ್ತು. ಒರೆಸಿ ಬಿಸಿಲಿಗೆ ಇಡೋಣ ಎಂದು ಬಾಯಿ ಬಿಡಿಸಿದ್ದಷ್ಟೇ, ಒಳಗಿನಿಂದ ವಾಸನೆ ಎದ್ದಿತು. ಹಳೆಯ ಚರ್ಮ, ಚಿಲ್ಲರೆ ನಾಣ್ಯ, ಒಣಗಿದ ವೀಳ್ಯದೆಲೆ... ಕಂಡಕ್ಟರ್ ಮಾವ ನಮ್ಮ ಜಗಲಿಯಲ್ಲಿ ಬಂದು ಕುಳಿತಾಗ ಬರುತ್ತಿದ್ದ ವಾಸನೆ. ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಅಲ್ಲೇ ಕುಳಿತೆ.

ಅವರು ನಮ್ಮ ನೆರೆಮನೆಯವರು. ಸಂಬಂಧದಲ್ಲಿ ಮಾವ ಅಲ್ಲ, ಊರಿಗೆಲ್ಲ ಅವರು ಕಂಡಕ್ಟರ್ ಮಾವ. ಸರಕಾರಿ ಬಸ್ಸಿನಲ್ಲಿ ದುಡಿದು ನಿವೃತ್ತರಾದವರು. ಕೆಲಸದ ದಿನಗಳಲ್ಲಿ ಸ್ವಂತಕ್ಕೆ ಹೊಲಿಸಿಕೊಂಡ ಚೀಲವನ್ನು ಆಮೇಲೂ ಬಿಡಲಿಲ್ಲ. ಅದರಲ್ಲಿ ಎಲೆ ಅಡಿಕೆ, ಕನ್ನಡಕ, ಮೊಬೈಲು. ಮೊಬೈಲು ಬಂದದ್ದು ತಡವಾಗಿ, ಮಗಳ ಒತ್ತಾಯಕ್ಕೆ.

ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ನಮ್ಮ ಮನೆ ರಸ್ತೆಯ ಬದಿಗೆ ಇದ್ದುದರಿಂದ ಅವರ ಪೇಪರು ಕೂಡ ನಮ್ಮಲ್ಲೇ ಬೀಳುತ್ತಿತ್ತು. ಒಂದು ಮಂಗಳೂರಿನಿಂದ ಬರುವ ಕನ್ನಡದ್ದು, ಒಂದು ಮಲಯಾಳದ್ದು. ನಾನು ಮೆಷಿನ್ ತುಳಿಯುತ್ತಿದ್ದ ಹಾಗೆ ಅವರು ಎರಡನ್ನೂ ಓದಿ ಮುಗಿಸುತ್ತಿದ್ದರು. ನಮ್ಮಲ್ಲಿ ಹಲವರಿಗೆ ಕನ್ನಡ ಮಾತ್ರ ಓದಲಿಕ್ಕೆ ಬರುವುದು. ಊರು ಗಡಿಯ ಈಚೆಗೆ, ಮಲಯಾಳದ ರಾಜ್ಯದಲ್ಲಿ ಇರುವುದರಿಂದ ಸರಕಾರದ ಕಾಗದವೆಲ್ಲ ಮಲಯಾಳದಲ್ಲಿ. ಆದ್ದರಿಂದ ಊರಿನ ಅರ್ಧ ಜನ ಒಂದಲ್ಲ ಒಂದು ದಿನ ಅವರ ಎದುರು ಕಾಗದ ಹಿಡಿದು ನಿಂತವರೇ.

ಜೋರು ಮಳೆಯ ದಿನಗಳಲ್ಲಿ ಒಂದು ತಮಾಷೆ ಪ್ರತಿ ವರ್ಷ ನಡೆಯುತ್ತಿತ್ತು. ಬೆಳಗ್ಗೆ ಮೊಬೈಲಿನಲ್ಲಿ "ಇಂದು ಶಾಲೆಗಳಿಗೆ ರಜೆ" ಎಂದು ಕನ್ನಡದಲ್ಲಿ ಬರುತ್ತಿತ್ತು. ಮಕ್ಕಳು ಚೀಲ ಬಿಸಾಡಿ ಕುಣಿಯುತ್ತಿದ್ದವು. ಮಾವ ಕೊಡೆ ಹಿಡಿದು ಗೇಟಿಗೆ ಬಂದು ಕೂಗುತ್ತಿದ್ದರು.

"ಅದು ಗಡಿ ಆಚೆಯ ರಜೆ ಮಾರಾಯ್ತಿ! ಮಂಗಳೂರಿನ ಕಲೆಕ್ಟರ್ ಕೊಟ್ಟ ರಜೆಗೆ ನಮ್ಮ ಮಕ್ಕಳು ಮಲಗುವುದಾ? ಎಬ್ಬಿಸು, ಎಬ್ಬಿಸು!"

ಮಕ್ಕಳು ಅವರಿಗೆ ಬೈದುಕೊಂಡೇ ಶಾಲೆಗೆ ಹೋಗುತ್ತಿದ್ದವು.

ಯಾವ ಸುದ್ದಿ ಹೇಳಿದರೂ ಅವರು ಮೊದಲು ಕೇಳುತ್ತಿದ್ದುದು ಒಂದೇ, "ಎಲ್ಲಿಂದ ಹತ್ತಿದ್ದು?" ಬಸ್ಸಿನಲ್ಲಿ ಟಿಕೆಟ್ ಕೊಡುವಾಗ ಕೇಳಿ ಕೇಳಿ ಬಾಯಿಗೆ ಅಂಟಿದ ಮಾತು. ಎಲ್ಲಿ ಇಳಿಯುವುದು ಅಂತ ಯಾರು ಬೇಕಾದರೂ ಹೇಳುತ್ತಾರೆ, ಎಲ್ಲಿ ಹತ್ತಿದ್ದು ಅಂತ ಕೇಳಿದಾಗಲೇ ಸುಳ್ಳು ಹೇಳುವುದು ಎನ್ನುತ್ತಿದ್ದರು. ನಮ್ಮ ಆಟೋದವನಿಗೆ ದಿನಕ್ಕೊಂದು ಮೆಸೇಜು ಬರುತ್ತಿತ್ತು. ಒಮ್ಮೆ ಅವನು, "ಈ ಹವಾಮಾನ ಬದಲಾವಣೆ ಎಲ್ಲ ಹೊರದೇಶದವರ ಕಟ್ಟುಕತೆ ಅಂತೆ ಮಾವ, ವೀಡಿಯೋ ಉಂಟು" ಎಂದ.

"ಎಲ್ಲಿಂದ ಹತ್ತಿದ್ದು?"

"ಗ್ರೂಪಿನಲ್ಲಿ ಬಂದದ್ದು."

"ಗ್ರೂಪು ಸ್ಟಾಪಿನ ಹೆಸರಾ? ಹೋಗಿ ತೋಡಿನಲ್ಲಿ ಕಾಲಿಟ್ಟು ಬಾ. ಅಲ್ಲಿದ್ದ ನೀರನ್ನು ಹೊರದೇಶದವರು ಬಂದು ಕುಡಿದರಾ ಹಾಗಾದ್ರೆ?"

ತೋಡು ಅವರ ಮಾತಿನಲ್ಲಿ ದಿನಕ್ಕೆ ಒಮ್ಮೆಯಾದರೂ ಬರುತ್ತಿತ್ತು. ನಮ್ಮ ಊರಿನ ನಡುವೆ ಹರಿಯುವ ಆ ಸಣ್ಣ ತೊರೆಗೆ ಪ್ರತಿ ವರ್ಷ ಮಳೆ ನಿಂತ ಮೇಲೆ ಅಡ್ಡ ಕಟ್ಟ ಹಾಕುವ ಕ್ರಮ. ಕಲ್ಲು, ಮಣ್ಣು, ಸೊಪ್ಪು, ಗೂಟ, ಇಷ್ಟೇ. ಮುಂದಿನ ಮಳೆಗೆ ಅದು ಕೊಚ್ಚಿ ಹೋಗುತ್ತದೆ, ಮತ್ತೆ ಹಾಕಬೇಕು. ಕಟ್ಟ ಇದ್ದರೆ ಬೇಸಗೆ ಕಳೆಯುವವರೆಗೂ ಸುತ್ತಲಿನ ಬಾವಿಗಳಲ್ಲಿ ನೀರು ನಿಲ್ಲುತ್ತದೆ. ಇಲ್ಲದಿದ್ದರೆ ಇಲ್ಲ. ಮನೆಗೊಬ್ಬರು ಬರಬೇಕು. ಆ ದಿನ ತೋಡಿನೊಳಗೆ ಪಾರ್ಟಿ ಮಾತು ಕೂಡದು. ಮಾವ ದಡದ ಮೇಲೆ ನಿಂತು, ಮಣ್ಣಿನ ಬುಟ್ಟಿ ಸಾಲಾಗಿ ಕೈ ದಾಟುವಾಗ, "ಹೋಲ್ಡಾನ್... ಹೋಲ್ಡಾನ್... ರೈಟ್, ಪೋಯಿ!" ಎಂದು ಬಸ್ಸು ಬಿಟ್ಟ ಹಾಗೆ ಕೂಗುತ್ತಿದ್ದರು. ಹೆಂಗಸರಿಗೆ ನಗು ತಡೆಯಲಾಗದೆ ಬುಟ್ಟಿ ಕೈ ಜಾರುತ್ತಿತ್ತು.

ಆದರೆ ಕೊನೆಕೊನೆಗೆ ಕಟ್ಟ ಯಾವಾಗ ಹಾಕುವುದು ಎಂದು ನಿಶ್ಚಯಿಸುವುದೇ ಕಷ್ಟವಾಯಿತು. ಬೇಗ ಹಾಕಿದರೆ ಹೊತ್ತಲ್ಲದ ಹೊತ್ತಿನ ಮಳೆ ಬಂದು ಒಯ್ಯುತ್ತಿತ್ತು. ತಡ ಮಾಡಿದರೆ ನಿಲ್ಲಿಸಲು ನೀರೇ ಇರುತ್ತಿರಲಿಲ್ಲ. ಒಂದು ವರ್ಷ ಬೆಳಗ್ಗಿನಿಂದ ಕೆಲಸ ಮಾಡಿ ಹಾಕಿದ ಕಟ್ಟವನ್ನು ಅದೇ ಸಂಜೆಯ ಮಳೆ ಎತ್ತಿಕೊಂಡು ಹೋಯಿತು. ಅವರು ಒದ್ದೆ ಬಟ್ಟೆಯಲ್ಲೇ ದಡದಲ್ಲಿ ಕುಳಿತಿದ್ದರು. "ಮಳೆಗೆ ಟೈಮ್‌ಟೇಬಲ್ ತಪ್ಪಿತು ಮಗಳೇ. ಯಾರ ಹತ್ತಿರ ಹೋಗಿ ಕಂಪ್ಲೇಂಟ್ ಕೊಡುವುದು..." ಎಂದರು. ಅವರು ದಣಿದದ್ದನ್ನು ನಾನು ಮೊದಲು ನೋಡಿದ್ದು ಆವತ್ತು.

ರಾಜಕೀಯದ ವಿಷಯಕ್ಕೂ ಅವರ ನಾಲಗೆ ಬಿಡುತ್ತಿರಲಿಲ್ಲ. ಪ್ರಾಯದಲ್ಲಿ ಯೂನಿಯನ್ನಿನ ಬಾವುಟ ಹಿಡಿದವರು. ಆಮೇಲೆ ಯಾವ ಪಾರ್ಟಿಯ ಮೀಟಿಂಗಿಗೂ ಹೋಗುತ್ತಿರಲಿಲ್ಲ, ವೋಟು ಮಾತ್ರ ತಪ್ಪಿಸುತ್ತಿರಲಿಲ್ಲ. ಪಂಚಾಯತಿನ ವೋಟು ಮಳೆ ಮುಗಿದ ಸಮಯಕ್ಕೆ ಬರುತ್ತದೆ. "ಬಾವಿ ತುಂಬಿರುವಾಗ ಬಂದು ಇಣುಕಿ ನೋಡುತ್ತಾರೆ. ಬೇಸಗೆಯಲ್ಲಿ ವೋಟು ಇಡಬೇಕು ಇವರಿಗೆ, ಬಾವಿಕಟ್ಟೆಯ ಮೇಲೆಯೇ ಬೂತು" ಎನ್ನುತ್ತಿದ್ದರು.

ಕಳೆದ ಪಂಚಾಯತ್ ವೋಟಿನ ಸಮಯಕ್ಕೆ ಊರಿನ ಗ್ರೂಪಿನಲ್ಲಿ ಒಂದು ಫೋಟೋ ಬಂತು. ಸಿಮೆಂಟಿನ ದೊಡ್ಡ ಅಣೆಕಟ್ಟು, ಕಬ್ಬಿಣದ ಬಾಗಿಲುಗಳು. ಕೆಳಗೆ ಬರೆದಿತ್ತು: ನಮ್ಮ ತೋಡಿಗೆ ಕಾಯಂ ಅಣೆಕಟ್ಟು ಮಂಜೂರಾಗಿದೆ, ವೋಟು ಮುಗಿದ ಕೂಡಲೇ ಕೆಲಸ ಸುರು, ಸರ್ವೆಗೆ ಅಡ್ಡಿಯಾಗುವುದರಿಂದ ಈ ವರ್ಷ ಯಾರೂ ಕಟ್ಟ ಹಾಕಬಾರದು. ಎಲ್ಲ ಪಾರ್ಟಿಯವರೂ ಅದನ್ನು ತಮ್ಮದೆಂದು ಹಂಚಿದರು. ಜನರಿಗೂ ಖುಷಿ. ವರ್ಷ ವರ್ಷ ಕೆಸರು ಹೊರುವುದು ಯಾರಿಗೆ ಬೇಕಿತ್ತು? ನಿಜ ಹೇಳಬೇಕೆಂದರೆ ನನಗೂ ಬೇಕಿರಲಿಲ್ಲ.

ಮಾವ ಆ ಸುದ್ದಿಯ ಹಿಂದೆ ಬಿದ್ದರು. ಆಟೋದವನಿಗೆ ಯಾರಿಂದ ಬಂತು? ಅಂಗಡಿಯವರಿಂದ. ಅಂಗಡಿಯವರಿಗೆ? ಅವರ ತಂಗಿಯಿಂದ. ತಂಗಿಗೆ? ಶಾರ್ಜಾದಲ್ಲಿರುವ ಅಳಿಯನಿಂದ. ಅಳಿಯನಿಗೆ ಫೋನು ಮಾಡಿ ಕೇಳಿದರೆ, "ಊರಿನಿಂದಲೇ ಬಂದದ್ದು ಮಾವ, ಯಾರು ಕಳಿಸಿದ್ದು ಅಂತ ನೆನಪಿಲ್ಲ" ಎಂದನಂತೆ.

"ನಮ್ಮ ತೋಡಿನ ಸುದ್ದಿ ಶಾರ್ಜಾಕ್ಕೆ ಹೋಗಿ ಬಂದಿದೆ ನೋಡು. ಪಾಸ್‌ಪೋರ್ಟ್ ಕೂಡ ಬೇಡ!" ಎಂದು ನಕ್ಕರು. ಮಾರನೆ ದಿನ ಚೀಲ ಹೆಗಲಿಗೆ ಹಾಕಿ ಪಂಚಾಯತ್ ಆಫೀಸಿಗೆ ಹೋದರು. ಅಂಥ ಫೈಲು ಯಾವುದೂ ಇಲ್ಲ ಎಂದು ಅಲ್ಲಿ ಹೇಳಿದರಂತೆ. ಬಂದು ಗೇಟು ಗೇಟಿನಲ್ಲಿ ನಿಂತು ಅದನ್ನು ಹೇಳಿದರು. ಒಬ್ಬರು, "ಇವರು ಹಳೇ ಬಾವುಟದವರಲ್ವಾ, ನಮ್ಮವರು ಮಾಡಿದ್ದು ಹೊಟ್ಟೆಗೆ ಇಳಿಯುವುದಿಲ್ಲ" ಎಂದರು. ಆ ಹಳೇ ಬಾವುಟದ ಪಾರ್ಟಿಯವರೋ, "ನೀವು ಆಚೆ ಕಡೆ ಹೋದದ್ದು ಯಾವಾಗ?" ಎಂದು ಕೇಳಿದರು. ಆಟೋದವನು ಮಾತ್ರ ನೇರ ಹೇಳಿದ, "ನಿಮಗೆ ಪೆನ್ಶನ್ ಬರ್ತದೆ ಮಾವ, ಹೊತ್ತು ಹೋಗಬೇಕು. ನಮಗೆ ಒಂದು ದಿನ ಬಾಡಿಗೆ ಬಿಡಬೇಕಲ್ಲ."

ಅವರು ಚೀಲವನ್ನು ಹೆಗಲಿಗೆ ಸರಿಮಾಡಿಕೊಂಡು ಮುಂದಿನ ಗೇಟಿಗೆ ನಡೆದರು.

ಕಟ್ಟಕ್ಕೆಂದು ಮಾವ ನಿಶ್ಚಯಿಸಿದ ಭಾನುವಾರ ತೋಡಿಗೆ ಬಂದವರು ಮಾವ, ನಾನು, ನನ್ನ ಗಂಡ, ಮತ್ತೆ ಆಚೆಮನೆಯ ವಯಸ್ಸಾದ ಬ್ಯಾರಿ ಒಬ್ಬರು. ನೀರು ಪಾದ ಮುಳುಗುವಷ್ಟು ಹರಿಯುತ್ತಿತ್ತು. ಸರಿಯಾದ ಹೊತ್ತು ಎಂದು ಮಾವನೇ ಹೇಳಿದರು. ದಡದ ಮೇಲೆ ಕುಳಿತೆವು. ಬಿಸಿಲು ಏರಿತು. ರಸ್ತೆಯಲ್ಲಿ ಪ್ರಚಾರದ ಜೀಪು ಹಾಡು ಹಾಕಿಕೊಂಡು ಹೋಯಿತು, ಅದರ ಹಿಂದೆ ನಮ್ಮದೇ ಹುಡುಗರ ಬೈಕುಗಳು.

"ನಾವೇ ಸುರು ಮಾಡುವನಾ?" ಎಂದು ನನ್ನ ಗಂಡ ಕೇಳಿದರು.

"ಬಸ್ಸಾದರೆ ಜನ ಇಲ್ಲದಿದ್ದರೂ ಟ್ರಿಪ್ ಓಡಿಸಬಹುದು" ಎಂದರು ಮಾವ. "ಕಟ್ಟ ಹಾಗಲ್ಲ." ಮತ್ತೆ ಹಾರೆ ಹೆಗಲಿಗೆ ಹಾಕಿ ಎದ್ದರು. ಬ್ಯಾರಿ ಅವರ ಹಿಂದೆ ಎದ್ದರು. 

ವೋಟು ಮುಗಿಯಿತು. ಅಣೆಕಟ್ಟಿನ ಮಾತೂ ಮುಗಿಯಿತು. ಬೇಸಗೆ ಕಾಲಿಡುವ ಹೊತ್ತಿಗೆ ತೋಡು ಬರೀ ಮರಳು. ಅವರ ಬಾವಿ ನಮ್ಮದಕ್ಕಿಂತ ಮೊದಲು ಆರಿತು. ಅಷ್ಟರಲ್ಲಿ ವಿಧಾನಸಭೆಯ ವೋಟು ಬಂತು. ಅವರು ಬಯಸಿದ ಹಾಗೆ ಬೇಸಗೆಯಲ್ಲೇ ಬಂತು. ಅಭ್ಯರ್ಥಿಯೊಬ್ಬರು ಬಂದು ಒಣಗಿದ ಬಾವಿ ಇಣುಕಿ ನೋಡಿ, ಕಟ್ಟೆಯ ಹತ್ತಿರ ನಿಂತು ಫೋಟೋ ತೆಗೆಸಿಕೊಂಡು, ಅಣೆಕಟ್ಟು ಮಾಡಿಸಿಕೊಡುವುದಾಗಿ ಹೇಳಿ ಹೋದರು. ಮಾವ ಈ ಬಾರಿ ತಮಾಷೆ ಮಾಡುತ್ತಾರೆ ಎಂದು ನಾನು ಕಾದೆ. ಅವರು ಪೇಪರು ಮಡಚಿ ಬದಿಗಿಟ್ಟು, "ಎರಡು ಪೇಪರು ಬೇಡ ಇನ್ನು, ಒಂದು ಸಾಕು" ಎಂದರು. ಆಮೇಲೆ ಅದನ್ನೂ ಓದುವುದು ಕಡಿಮೆಯಾಯಿತು. ಎದೆನೋವು ಅವರಿಗೆ ಮೊದಲಿನಿಂದಲೂ ಇತ್ತು, ಹೇಳುತ್ತಿರಲಿಲ್ಲ...

ಅವರು ಹೋದದ್ದು ಅದೇ ಬೇಸಗೆಯ ಒಂದು ಮಧ್ಯಾಹ್ನ, ಊಟ ಮಾಡಿ ಒರಗಿದಲ್ಲೇ. ಅವರ ಮಗಳು ಬಂದು ನನ್ನನ್ನು ಕರೆದಳು. ಕೈ ಮುಟ್ಟಿ ನೋಡಿದೆ. ಗ್ರೂಪಿಗೆ ತಿಳಿಸು ಎಂದು ಅವಳೇ ಹೇಳಿದ್ದಕ್ಕೆ, ಕಂಡಕ್ಟರ್ ಮಾವ ಹೋದರು ಎಂದು ಬರೆದು ಹಾಕಿದೆ. ಮೊದಲು ಬಂದ ಉತ್ತರ ಆ ಶಾರ್ಜಾದ ಅಳಿಯನದು.

"ಎಲ್ಲಿಂದ ಹತ್ತಿದ್ದು?"

ಅವನು ತಮಾಷೆಗೆ ಕೇಳಿದ್ದಲ್ಲ. ಸುಳ್ಳಾಗಿರಲಿ ಎಂದು ಕೇಳಿದ್ದು. ನಾನು ಅಕ್ಷರ ಹುಡುಕಿ ಹುಡುಕಿ ಬರೆದೆ: "ಅವರ ಮನೆಯಿಂದಲೇ. ನಾನು ಇಲ್ಲೇ ಇದ್ದೇನೆ."

ಕೊನೆಯ ಸ್ನಾನಕ್ಕೆ ನೀರಿರಲಿಲ್ಲ. ಲಾರಿಯಲ್ಲಿ ಬರುವ ಟ್ಯಾಂಕಿನ ನೀರು ತರಿಸಿದರು. ರಸ್ತೆಯಿಂದ ಅಂಗಳಕ್ಕೆ ಕೊಡಪಾನಗಳಲ್ಲಿ ಹೊರಬೇಕಿತ್ತು. ಯಾರೂ ಹೇಳದೆಯೇ ಜನ ಸಾಲಾಗಿ ನಿಂತರು. ಕೈಯಿಂದ ಕೈಗೆ, ಮಣ್ಣಿನ ಬುಟ್ಟಿ ದಾಟಿಸುತ್ತಿದ್ದ ಹಾಗೆಯೇ. ಆವತ್ತು ತೋಡಿಗೆ ಬಾರದವರೆಲ್ಲ ಆ ಸಾಲಿನಲ್ಲಿದ್ದರು. ಆಟೋದವನು ಸಾಲಿನ ತುದಿಯಲ್ಲಿ, ಅವರ ತಲೆಯ ಹತ್ತಿರ ನಿಂತಿದ್ದ. ಕೊಡಪಾನ ಕೈಗೆ ಬಂದಾಗ ಬಗ್ಗಿ ನಿಂತು, ನಿಧಾನ ನೀರು ಹೊಯ್ದ.

ಚೀಲವನ್ನು ಅತ್ತೆ, ಅವರ ಹೆಂಡತಿ, ನನಗೆ ಕೊಟ್ಟರು. ತಮ್ಮ ಮನೆಯಲ್ಲಿ ಗೂಟದಲ್ಲಿ ತೂಗುವುದನ್ನು ನೋಡಲು ಆಗುವುದಿಲ್ಲ ಎಂದರು. ನಾನು ಜೋಪಾನ ಮಾಡಬೇಕೆಂದು ಕಪಾಟಿನೊಳಗೆ ಇಟ್ಟೆ, ಬೂಷ್ಟು ಹಿಡಿಯಿತು. ಇಂದು ಇಡೀ ದಿನ ಬಿಸಿಲಿಗೆ ಇಟ್ಟಿದ್ದೇನೆ. ಬೂಷ್ಟು ಹೋಯಿತು. ಈಗ ಮೂಗಿನ ಹತ್ತಿರ ಹಿಡಿದರೆ ಚರ್ಮದ ವಾಸನೆ ಮಾತ್ರ. ವೀಳ್ಯದೆಲೆಯದ್ದು ಇಲ್ಲ.

ಮೂಡುದಿಕ್ಕಿನಲ್ಲಿ ಮೋಡ ಕಟ್ಟುತ್ತಿದೆ. ಇದು ಮಳೆಯ ಕಾಲವಲ್ಲ, ಆದರೂ ಬರಬಹುದು. ಬೆಳಗ್ಗೆ ಆಟೋದವನು ಗ್ರೂಪಿಗೆ ಮೆಸೇಜು ಹಾಕಿದ್ದಾನೆ: ಬರುವ ಭಾನುವಾರ ಕಟ್ಟ ಹಾಕುವುದು, ಮನೆಗೊಬ್ಬರು ಬರಬೇಕು, ಈ ಸುದ್ದಿ ನನ್ನಿಂದಲೇ ಹತ್ತಿದ್ದು. ಕೆಳಗೆ ಹಲವರು ಬರುತ್ತೇವೆ ಎಂದು ಬರೆದಿದ್ದಾರೆ. ಆಮೇಲೆ ನನಗೊಬ್ಬಳಿಗೇ ಫೋನು ಮಾಡಿದ. "ಅಕ್ಕಾ, ಭಾನುವಾರ ಸರಿಯಾದೀತಾ? ನೀರು ಎಷ್ಟಿರುವಾಗ ಹಾಕುವುದು ಅಂತ ಮಾವ ನಿಮ್ಮ ಹತ್ತಿರ ಹೇಳಿದ್ದುಂಟಾ?"

ಮಧ್ಯಾಹ್ನ ಹೋಗಿ ತೋಡಿನಲ್ಲಿ ಕಾಲಿಟ್ಟು ನಿಂತೆ. ನೀರು ಪಾದದ ಮೇಲೆ ಹರಿಯಿತು. ಆವತ್ತಿಗಿಂತ ಹೆಚ್ಚೋ, ಕಡಿಮೆಯೋ... ನನಗೆ ಗೊತ್ತಾಗಲಿಲ್ಲ. ದಡದ ಮೇಲೆ ಅವರು ನಿಲ್ಲುತ್ತಿದ್ದ ಕಲ್ಲು ಹಾಗೆಯೇ ಇದೆ. ಭಾನುವಾರ ಜನ ಬರಬಹುದು. ಬುಟ್ಟಿ ತುಂಬಿಸಿ, ಸಾಲು ಕಟ್ಟಿ, ಎಲ್ಲರೂ ಒಮ್ಮೆ ಆ ಕಲ್ಲಿನ ಕಡೆ ನೋಡುವುದು ಖಂಡಿತ.