ಹೆಪ್ಪಿನ ಮಣ್ಣು

ಅಜ್ಜನ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಸದಾ ಒಂದೆಳೆ ಮಣ್ಣು. ಊಟಕ್ಕೆ ಕೂತಾಗ ನಾನು ಅದನ್ನೇ ನೋಡುವುದು ಕಂಡು, "ಹೊಟ್ಟೆಗೆ ಹೋದ್ರೂ ಏನೂ ಆಗಲ್ಲ ಬಿಡ್ರಿ ಮೇಡಮ್ಮ, ನಮ್ಮ ಕಾವಲಿಂದೇ ಮಣ್ಣು" ಎಂದು ನಗುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಹುಲ್ಲಿನ ಸಂಶೋಧನೆಗೆಂದು ನಾನು ದೊಡ್ಡಉಳ್ಳಾರ್ತಿ ಎಂಬ ಊರಿಗೆ ಬಂದಾಗ, ಅಲ್ಲಿನ ಕಾವಲಿನಲ್ಲಿ, ಉಳದೆ ಮೇವಿಗೆಂದೇ ಬಿಟ್ಟ ಹುಲ್ಲು ಬಯಲಿನಲ್ಲಿ, ದನ ಕಾಯುತ್ತಲೇ ಮುದುಕರಾಗಿದ್ದ ಈ ಅಜ್ಜ ನನಗೆ ಜೊತೆಯಾದರು. ಓದಿದವಳೆಂಬ ಗರ್ವ ನನಗೇನು ಕಡಿಮೆಯೇ? ರೋಗ ತಗಲಬಾರದೆಂದು ಮಣ್ಣನ್ನು ಹಬೆಯಲ್ಲಿ ಬೇಯಿಸಿ, ಕುಂಡಗಳಿಗೆ ತುಂಬಿ, ಕಾವಲಿನ ಹುಲ್ಲು ಬಿತ್ತಿದೆ. ಅಜ್ಜ ಹಣೆ ಬಡಿದುಕೊಂಡರು. "ಅಯ್ಯೋ, ಮಣ್ಣನ್ನ ಯಾರಾದ್ರೂ ಬೇಯಿಸ್ತಾರೇನ್ರಿ! ಅದರ ಜೀವಾನೇ ಹೋತಲ್ಲ!"

ಹುಲ್ಲು ಹುಟ್ಟಿತು, ಗೇಣುದ್ದವಾಗುವ ಮೊದಲೇ ಹಳದಿಯಾಗಿ ನಿಂತುಬಿಟ್ಟಿತು. ಅಜ್ಜ ನನ್ನನ್ನು ಕೇಳಲೂ ಇಲ್ಲ. ಹಳೆಯ ಹುಲ್ಲಿನ ಬುಡದ ಮಣ್ಣನ್ನು ಟವೆಲ್ಲಿನಲ್ಲಿ ಕಟ್ಟಿ ತಂದು, ಅರ್ಧ ಕುಂಡಗಳಿಗೆ ಒಂದೊಂದು ಹಿಡಿ ಹಾಕಿದರು. "ಹಾಲಿಗೆ ಹೆಪ್ಪು ಹಾಕಲ್ವಾ, ಹಂಗೆ."

ಆ ಕುಂಡಗಳು ಮಾತ್ರ ಹಸಿರಾದವು. ಬೇರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿಟ್ಟೆ. ಬೇರಿನೊಳಗೆ ಹೊಕ್ಕಿದ್ದ ಬೂಷ್ಟಿನ ಎಳೆಗಳು ಕಂಡವು. ಬೇರಿಗೆ ಎಟುಕದ ಕಡೆಯಿಂದ, ಎಲುಬು ಕಟ್ಟುವ ರಂಜಕವನ್ನು ತಂದು ಹುಲ್ಲಿಗೆ ಕೊಡುವುದು ಇವೇ, ಬದಲಿಗೆ ಹುಲ್ಲು ಇವಕ್ಕೆ ಸಕ್ಕರೆ ಉಣಿಸುತ್ತದೆ ಎಂದು ವಿವರಿಸಿದೆ. ಅಜ್ಜ ಒಂದು ಕಣ್ಣು ಮುಚ್ಚಿ ನೋಡಿದರು. "ಅಂದ್ರೆ ನಮ್ಮ ದನದ ಎಲುಬು ಗಟ್ಟಿ ಮಾಡಾದು ಇದೇನಾ?" ಹೌದೆಂದೆ.

ಅಷ್ಟರಲ್ಲಿ, ಗಿಡ ನೆಡಲು ಸರ್ಕಾರದವರು ಕಾವಲಿನ ಒಂದು ಮಗ್ಗುಲನ್ನು ಉಳುತ್ತಾರೆಂದು ಸುದ್ದಿ ಬಂತು.

"ಮೇಡಮ್ಮ, ಮೇಲಿನೋರಿಗೆ ಒಂದು ಕಾಗದ ಬರೀರಿ. ಉತ್ರೆ ಈ ಹೆಪ್ಪು ಹಾಳಾಗ್ತೈತೆ ಅಂತ."

"ಇಷ್ಟು ಕುಂಡ ಸಾಲದಜ್ಜ. ಇನ್ನೊಂದು ಮಳೆಗಾಲ ನೋಡಿ ಬರೀತೀನಿ" ಎಂದೆ.

ಅದನ್ನು ಶಿಸ್ತು ಎಂದುಕೊಂಡಿದ್ದೆ. ಈಗ ಹೇಳುತ್ತೇನೆ, ಅದು ಪುಕ್ಕಲುತನ. ಮಳೆಗೆ ಮೊದಲೇ ಟ್ರ್ಯಾಕ್ಟರ್ ಬಂತು. ಬುಡಮೇಲಾದ ಹುಲ್ಲು ಬಿಸಿಲಿಗೆ ಸುಟ್ಟುಹೋಯಿತು. ನೆಟ್ಟ ಗಿಡಗಳೂ ಹಿಡಿಯಲಿಲ್ಲ.

ಎರಡು ವರ್ಷ ಅಜ್ಜ ಉಳಿದ ಕಡೆಯಿಂದ ಮಣ್ಣು ಹೊತ್ತು ತಂದು ಅಲ್ಲಿ ಚೆಲ್ಲಿದರು. ಅಲ್ಲೊಂದು ಇಲ್ಲೊಂದು ಎಸಳು ಎದ್ದು ಒಣಗಿತು. ಆಮೇಲೆ ಆ ಉಳಿದ ಕಡೆಯನ್ನೂ ಉತ್ತರು.

ಕೊನೆಯ ಸಲ ನೋಡಲು ಹೋದಾಗ ಅಜ್ಜ ಹಾಸಿಗೆ ಹಿಡಿದಿದ್ದರು. ಕೈ ಹಿಡಿದೆ. ಉಗುರಿನ ಸೀಳು ತೊಳೆದಂತೆ ಸ್ವಚ್ಛವಾಗಿತ್ತು. ನನಗೆ ಅಳು ತಡೆಯಲಾಗಲಿಲ್ಲ.

"ಹೆಪ್ಪು ಕೆಟ್ರೆ ಪಕ್ಕದ ಮನೇಲಿ ಇಸ್ಕೊಂಡ್ ಬರಬೋದು ಮೇಡಮ್ಮ" ಎಂದರು. "ಈಗ ಯಾರ ಮನೆಗೆ ಹೋಗ್ತೀರಿ?"

ಆ ಚಳಿಗಾಲದಲ್ಲೇ ಅಜ್ಜ ಹೋದರು. ಮಣ್ಣು ಕೊಟ್ಟು ಬಂದವಳು ಕೂತು ಆ ಕಾಗದ ಬರೆದೆ. ಯಾರಿಗೆಂದು ಕಳಿಸಲಿ? ನನ್ನ ಹತ್ತಿರವೇ ಇದೆ.