ಅಂಗೈಯೊಳಗಿನ ಬಾಗಿಲು

ನಾನು ಚಿಕ್ಕವಳಿದ್ದಾಗ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಬೆಳಗಿನ ಚಹಾ ಸಿಗಬೇಕಾದರೆ ಮೊದಲು ಲಿಂಗಪೂಜೆ ಮುಗಿಯಬೇಕಿತ್ತು. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಕೊರಳಲ್ಲಿ ಕಟ್ಟಿಕೊಂಡಿದ್ದ ಪುಟ್ಟ ಕರಿ ಲಿಂಗವನ್ನು ಎಡ ಅಂಗೈ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತ ಕೂರಬೇಕು. ಹಾಗೆ ನೋಡುತ್ತ ನೋಡುತ್ತ ಮನಸ್ಸು ನಿಲ್ಲುತ್ತದೆ ಎಂದು ಅಪ್ಪ ಹೇಳುತ್ತಿದ್ದ. ನನ್ನ ಮನಸ್ಸು ನಿಂತದ್ದನ್ನು ಮಾತ್ರ ನಾನು ಕಾಣೆ. ಅದು ಚಹಾದ ಕಡೆಗೆ, ಬೆಲ್ಲದ ಡಬ್ಬಿಯ ಕಡೆಗೆ ಓಡುತ್ತಿತ್ತು. ನಾನು ಮಿಸುಕಾಡಿದರೆ ಪಕ್ಕದಲ್ಲಿ ಕೂತ ಅಕ್ಕ ತನ್ನ ಮೊಣಕಾಲಿನಿಂದ ನನ್ನ ಮೊಣಕಾಲನ್ನು ಮೆಲ್ಲಗೆ ಒತ್ತುತ್ತಿದ್ದಳು. ಅಷ್ಟಕ್ಕೇ ಸುಮ್ಮನಾಗುತ್ತಿದ್ದೆ.

ನಾನು ತೊಟ್ಟಿಲಲ್ಲಿದ್ದಾಗಲೇ ಅವ್ವ ತೀರಿಕೊಂಡಿದ್ದಳು. ನನ್ನನ್ನು ಬೆಳೆಸಿದವಳು ಅಕ್ಕ. ಒಂದು ಬೇಸಿಗೆಯಲ್ಲಿ ಆ ಅಕ್ಕನನ್ನು ಹುಮನಾಬಾದ್ ಹತ್ತಿರದ ಹುಡಗಿ ಎಂಬ ಊರಿಗೆ ಮದುವೆ ಮಾಡಿಕೊಟ್ಟರು. ಆಮೇಲೆ ಪೂಜೆಗೆ ಕೂತರೆ ನನ್ನ ಮೊಣಕಾಲಿನ ಪಕ್ಕ ಬರಿಯ ನೆಲ. ಅಷ್ಟು ದೊಡ್ಡ ಪಡಸಾಲೆ ನಮ್ಮ ಮನೆಗಿದೆ ಎಂಬುದು ನನಗೆ ಅದುವರೆಗೆ ಗೊತ್ತೇ ಇರಲಿಲ್ಲ.

ಆಗಲೇ ನಾನೊಂದು ಕಳ್ಳಾಟ ಕಂಡುಹಿಡಿದೆ. ಬಾಗಿಲಿಗೆ ಬೆನ್ನು ಮಾಡಿ ಕೂತರೆ, ಲಿಂಗದ ಕರಿ ಹೊಳಪಿನಲ್ಲಿ ಬಾಗಿಲಿನ ಬೆಳಕು ಜೋಳದ ಕಾಳಿನಷ್ಟು ಬೆಳ್ಳಗೆ ಕಾಣುತ್ತಿತ್ತು. ಯಾರಾದರೂ ಒಳಗೆ ಬಂದರೆ ಆ ಕಾಳು ಕಪ್ಪಾಗುತ್ತಿತ್ತು. ಅಕ್ಕ ಬಂದರೆ ಮೊದಲು ನನಗೇ ಗೊತ್ತಾಗಲಿ ಎಂದು ದಿನಾ ಅದನ್ನೇ ನೋಡುತ್ತ ಕೂತೆ. ಬಂದವರೆಲ್ಲ "ಇಷ್ಟ್ ಸಣ್ಣ ಹುಡಿಗಿ, ಹ್ಯಾಂಗ ಕುಂತಾಳ ನೋಡ್ರಿ!" ಎಂದು ಹೊಗಳಿದರು. ಅಪ್ಪ ಹಿಗ್ಗಿದ. ನಾನು ಬಾಯಿ ಬಿಡಲಿಲ್ಲ.

ಪಂಚಮಿ ಬಂತು. ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅಕ್ಕನನ್ನು ಕರೆತರಲು ಅಪ್ಪ ನಸುಕಿನಲ್ಲೇ ಹುಮನಾಬಾದ್ ಬಸ್ಸು ಹತ್ತಿದ. ನಾನು ಲಿಂಗ ಹಿಡಿದು ಕೂತವಳು ಏಳಲೇ ಇಲ್ಲ. ಓಣಿಯ ತುಂಬ ಹುರಿದ ಶೇಂಗಾದ ವಾಸನೆ, ಕರಗಿದ ಬೆಲ್ಲದ ವಾಸನೆ. ಬೇವಿನ ಮರದ ಜೋಕಾಲಿ ಕಿರುಗುಟ್ಟುತ್ತಿತ್ತು. ಹುಡುಗಿಯರು ಕೂಗಿ ಕರೆದರು. ಕೈ ಸೋತು ಮೊಣಕಾಲಿನ ಮೇಲೆ ಊರಿಕೊಂಡೆ, ಆದರೆ ಕಣ್ಣು ಕೀಳಲಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಕಾಳು ಕಪ್ಪಾಯಿತು. ತಟ್ಟನೆ ತಿರುಗಿದೆ. ಅಪ್ಪ ನಿಂತಿದ್ದ. ಹಿಂದೆ ಯಾರೂ ಇರಲಿಲ್ಲ.

"ಆಕಿ ಅತ್ತೀಗಿ ಜ್ವರ ಬಂದಾವ. ಮುಂದಿನ ವರ್ಷ ಕಳಸ್ತೇವಿ ಅಂದ್ರು."

"ಅಕ್ಕ ಅತ್ತಳೇನು?" ಎಂದು ಕೇಳಿದೆ. ಅಪ್ಪ ಚೀಲವನ್ನು ಗೂಟಕ್ಕೆ ಹಾಕಿದ.

ನನಗೆ ತಡೆಯಲಾಗಲಿಲ್ಲ. "ಅಪ್ಪಾ, ನಾ ಲಿಂಗ ನೋಡಾಕತ್ತಿದ್ದಿಲ್ಲ. ದಿನಾ ಅದರಾಗ ಬಾಗಲಾ ನೋಡಾಕತ್ತಿದ್ದೆ" ಎಂದು ಅತ್ತುಬಿಟ್ಟೆ. ಬೈಗುಳ ಬೀಳುತ್ತದೆ ಎಂದುಕೊಂಡಿದ್ದೆ. ಅಪ್ಪ ಕೈಕಾಲು ತೊಳೆದುಕೊಂಡು ಬಂದು ಅಕ್ಕನ ಜಾಗದಲ್ಲಿ ಕೂತ.

"ನಾನೂ ಬಾಗಲಾನ ನೋಡ್ತೇನಿ ಮಗಳ, ನಿಮ್ಮವ್ವ ಹೋದಾಗಿಂದ" ಎಂದ. ತನ್ನ ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡು ಹೇಳಿದ: "ಅಕ್ಕ ನೆನಪಾದ್ರ ಬ್ಯಾಡ ಅನಬ್ಯಾಡ. ನೆನಸ್ಕೋ. ಆಮ್ಯಾಲ ಅಂಗೈಗಿ ತಿರುಗಿ ಬಾ. ಮತ್ತ ನೆನಪಾದ್ರ ಮತ್ತ ಬಾ. ಇಷ್ಟ ನೋಡು, ಬ್ಯಾರೆ ಏನೂ ಇಲ್ಲ."

ಇಬ್ಬರೂ ಕೂತೆವು. ಅಕ್ಕ ನೆನಪಾದಳು, ಅಂಗೈಗೆ ಬಂದೆ. ಮತ್ತೆ ನೆನಪಾದಳು, ಮತ್ತೆ ಬಂದೆ. ಎಷ್ಟು ಸಲವೋ. ದುಃಖವೇನೂ ಹೋಗಲಿಲ್ಲ, ಎದೆಯ ತಳಮಳ ಮಾತ್ರ ಇಳಿಯಿತು. ಅಪ್ಪನ ಮೊಣಕಾಲು ನನ್ನ ಮೊಣಕಾಲಿಗೆ ತಾಗಿತ್ತು. ಆಮೇಲೆ ಅಕ್ಕನಿಗೆಂದು ತೆಗೆದಿಟ್ಟಿದ್ದ ಶೇಂಗಾ ಉಂಡಿಯನ್ನು ನಾವಿಬ್ಬರೇ ತಿಂದೆವು.

ನಿಮ್ಮ ಕಾಲ ಬೇರೆ, ಮೊಮ್ಮಕ್ಕಳೇ. ಶಾಲೆಯಲ್ಲೇ ನಿಮಗೆ ಧ್ಯಾನ ಕಲಿಸುತ್ತಾರೆ. ಮನೆಯಲ್ಲಿ ಫೋನು 'ಉಸಿರು ನೋಡಿ' ಎಂದು ಹೇಳಿಕೊಡುತ್ತದೆ, ಹತ್ತು ನಿಮಿಷವಾದರೆ ಗಂಟೆಯನ್ನೂ ಬಾರಿಸುತ್ತದೆ. ಹುಮನಾಬಾದಿನ ಗೆಳತಿ ನೆನಪಾದರೆ ಅವಳ ಮುಖವೂ ಅದರಲ್ಲೇ ಬರುತ್ತದೆ. ನಾನು ಅಕ್ಕನ ಮುಖಕ್ಕಾಗಿ ಮುಂದಿನ ಪಂಚಮಿಯವರೆಗೆ ಕಾದೆ.

"ಆಯಿ, ನಿನ್ನ ಮನಸ್ಸು ಈಗಾದ್ರ ನಿಂತದೇನು?" ಎಂದು ಮೊನ್ನೆ ಕೇಳಿದಿರಿ. ಇಲ್ಲ. ಅಪ್ಪ ಹೋಗಿ ಬಹಳ ವರ್ಷವಾಯಿತು, ಹೋದ ವರ್ಷ ಅಕ್ಕನೂ ಹೋದಳು. ಆದರೂ ಬೆಳಿಗ್ಗೆ ಲಿಂಗ ಹಿಡಿದು ಕೂತರೆ ಆ ಜೋಳದ ಕಾಳು ಕಾಣುತ್ತದೆ. ಕಪ್ಪಾದೀತೇನೋ ಎಂದು ಒಂದು ಗಳಿಗೆ ನೋಡುತ್ತೇನೆ. ಆಮೇಲೆ ಅಂಗೈಗೆ ತಿರುಗಿ ಬರುತ್ತೇನೆ.

ನಾಳೆ ಧ್ಯಾನಕ್ಕೆ ಕೂರುವಾಗ ಸ್ವಲ್ಪ ಈಚೆ ಸರಿದು ಕೂರಿ. ನನ್ನ ಮೊಣಕಾಲಿನ ಪಕ್ಕ ಜಾಗ ಇದೆ.